ಒಡೆಯದ ತಾರು

ಇಂದುವಿನ ಮದುವೆಯ ದಿನ ಬೆಳಗಿನ ಒಂಬತ್ತಕ್ಕೆ ಅಂಚೆಯ ಫಕೀರಪ್ಪ ಹಿತ್ತಲ ಬಾಗಿಲಿಗೆ ಬಂದು ಅವಳ ಅಣ್ಣ ಏಕನಾಥನ ಕೈಗೆ ಒಂದು ತಾರು, ಅಂದರೆ ಟೆಲಿಗ್ರಾಮಿನ ಲಕೋಟೆ, ಕೊಟ್ಟು ಹೋದ. ಏಕನಾಥ ಅದನ್ನು ಒಡೆಯಲಿಲ್ಲ. ಆಗಿನ ಧಾರವಾಡದಲ್ಲಿ ತಾರು ಬಂತೆಂದರೆ ಯಾರೋ ಹೋದರೆಂದೇ ಅರ್ಥ. ಸಾಂಗಲಿಯಲ್ಲಿ ಅವನ ದೊಡ್ಡಪ್ಪ ಒಂದು ತಿಂಗಳಿನಿಂದ ಹಾಸಿಗೆ ಹಿಡಿದಿದ್ದರು ಬೇರೆ. ಸುದ್ದಿ ಕಿವಿಗೆ ಬಿದ್ದರೆ ಮನೆಮಂದಿಗೆಲ್ಲ ಹತ್ತು ದಿನ ಸೂತಕ, ಮದುವೆ ನಿಂತಂತೆಯೇ. ಬೀಳದಿದ್ದರೆ ಸೂತಕವೂ ಇಲ್ಲ. ಅಕ್ಷತೆ ಇದ್ದದ್ದು ಹನ್ನೆರಡೂವರೆಗೆ. ಅವನು ತಾರನ್ನು ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡ.

ಏಕನಾಥ ಶಾಲಾಮಾಸ್ತರನಾದರೂ ಊರು ಅವನನ್ನು ಬಲ್ಲದ್ದು ಬ್ಯಾಟಿನಿಂದ. ಅಪ್ಪ ತ್ರ್ಯಂಬಕರಾಯರು ಮುಂಬಯಿಯಲ್ಲಿ ಹಿಂದೂಗಳ ಕ್ರಿಕೆಟ್ ತಂಡಕ್ಕೆ ಆಡಿದವರು. ತೀರಿಹೋದ ಕಾಕಾ ಹಿಂದುಸ್ತಾನದ ತಂಡದ ಜೊತೆ ವಿಲಾಯತಿಗೆ ಹೋಗಿಬಂದವರು. ಇನ್ನು ಆ ಮನೆಯಲ್ಲಿ ದೇಶದ ಟೋಪಿ ತೊಡಬೇಕಾದವನು ಇವನೊಬ್ಬನೇ. ಅದಕ್ಕಾಗಿ ರಾಯರು ಇಪ್ಪತ್ತು ವರ್ಷ ಹಿತ್ತಲಲ್ಲಿ ಮಗನಿಗೆ ಚೆಂಡು ಎಸೆದಿದ್ದರು. ಆ ವರ್ಷ ವಿಲಾಯತಿ ತಂಡ ಇಲ್ಲಿಗೇ ಬಂದಿತ್ತು, ಮೂರರಲ್ಲಿ ಎರಡು ಪಂದ್ಯ ಮುಗಿದಿದ್ದವು, ಇವನನ್ನು ಯಾರೂ ಕರೆದಿರಲಿಲ್ಲ. ವಯಸ್ಸು ಮೂವತ್ತೊಂದು. ಆ ತಂಡ ಮತ್ತೆ ಬರುವುದು ಯಾವ ಕಾಲಕ್ಕೋ.

"ಏನೋ ಏಕನಾಥಾ, ತಾರು ಬಂತಲ್ಲಾ?" ಬಾಜೂಮನೆಯ ಸುಲಭಾ ಕಾಕು ಎಲ್ಲಿಂದ ನೋಡಿದ್ದಳೋ, ಎದುರಿಗೇ ನಿಂತಿದ್ದಳು.

"ಸುಮ್ನಿರ್ರಿ ಕಾಕು. ಊಟ ಮುಗಿಯೂತನಕ ಒಡ್ಯೂದಿಲ್ಲ."

"ಶಾಣ್ಯಾ ಇದ್ದೀ. ನನ್ನ ಬಾಯಿಂದ ಒಂದು ಅಕ್ಷರ ಹೊರಗ ಬರೂದಿಲ್ಲ, ತಗೋ."

ಕಾಕುವಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತ ಹಾಗೆ. ಹತ್ತು ಗಂಟೆಗೆ ಓಣಿಗೆಲ್ಲ ಗೊತ್ತಾಯಿತು, 'ಯಾರಿಗೂ ಹೇಳಬ್ಯಾಡ್ರಿ' ಎಂಬ ಮಾತಿನ ಸಮೇತ. ಆರತಿ ಹಿಡಿದ ಹೆಂಗಸರು ಮೂಗೊರೆಸಿಕೊಂಡರು. ಸನಾದಿಯವನು ಯಾರ ಮಾತು ಕೇಳಿದನೋ, ಮೆಲ್ಲಗೆ ಊದತೊಡಗಿದ. ಭಟ್ಟರು ಗಾಡಿ ಹಿಡಿಯುವವರಂತೆ ಮಂತ್ರ ಓಡಿಸಿದರು. ಅಂತೂ ಅಕ್ಷತೆ ಬಿತ್ತು.

ಪಂಕ್ತಿಯಲ್ಲಿ ಕುಳಿತ ಬೀಗರು ಯಜ್ಞೇಶ್ವರರಾಯರು ಸುತ್ತ ನೋಡಿ ಹುಬ್ಬೇರಿಸಿದರು. "ಇದೇನ್ರಿ, ಬಡಸೋರ ಕಣ್ಣಾಗೆಲ್ಲಾ ನೀರು?"

ಏಕನಾಥ ಗಾಬರಿಯಲ್ಲಿ, "ಉಳ್ಳಾಗಡ್ಡಿ ಹೆಚ್ಚಿದ್ರರಿ, ಅದಕ್ಕ" ಎಂದುಬಿಟ್ಟ.

"ಮದುವಿ ಮಡಿ ಅಡಗ್ಯಾಗ ಉಳ್ಳಾಗಡ್ಡಿ?"

ಬೀಗರು ಎಲೆ ಬಿಟ್ಟು ಎದ್ದರು. ಅವರ ಹಿಂದೆ ಗಂಡಿನ ಕಡೆಯ ನಲವತ್ತು ಮಂದಿಯೂ ಎದ್ದರು. ಏಕನಾಥ ಕೈಮುಗಿದು ಅವರನ್ನು ಅಡುಗೆಮನೆಗೆ ಕರೆದೊಯ್ದು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ವಾಸನೆ ತೋರಿಸಿದ. ಅಡುಗೆಯವನು ಜನಿವಾರ ಹಿಡಿದು ಆಣೆ ಮಾಡಿದ.

"ಹಂಗಾರ ಕಣ್ಣೀರು ಯಾಕ?" ಬೀಗರು ಬಿಡಲಿಲ್ಲ.

"ಹುಡಿಗಿನ್ನ ಕಳಸಬೇಕಲ್ಲರಿ," ಎಂದಳು ಸುಲಭಾ ಕಾಕು. ಇಷ್ಟು ಸಲೀಸಾದ ಮಾತು ತನಗೇಕೆ ಹೊಳೆಯಲಿಲ್ಲವೆಂದು ಏಕನಾಥ ಹಣೆ ಚಚ್ಚಿಕೊಂಡ. ಅನ್ನ ಆರಿಹೋಗಿತ್ತು, ಆದರೂ ಎಲ್ಲರೂ ಮತ್ತೆ ಕುಳಿತು ಉಂಡರು.

ನಾಲ್ಕು ಗಂಟೆಗೆ ಕೊನೆಯ ಎಲೆ ಎತ್ತಿದ ಮೇಲೆ ಅವನು ಅಪ್ಪನ ಮುಂದೆ ನಿಂತ. "ಅಪ್ಪಾ, ಮುಂಜಾನೆ ಒಂದು ತಾರು ಬಂದದ."

"ಗೊತ್ತದ. ಓದು," ಎಂದರು ರಾಯರು. ಓಣಿಯ ಮಂದಿ ಅಳಲು ಸಿದ್ಧರಾಗಿ ಸುತ್ತ ನೆರೆದರು.

ಏಕನಾಥ ಒಡೆದು ಓದಿದ. ಮದ್ರಾಸಿನ ಪಂದ್ಯಕ್ಕೆ, ಗಾಯಗೊಂಡ ಆಟಗಾರನ ಬದಲಿಗೆ, ಏಕನಾಥನನ್ನು ಹಿಂದುಸ್ತಾನದ ತಂಡಕ್ಕೆ ಆರಿಸಿದೆ. ಇಂದೇ ಹೊರಡಬೇಕು. ಸಂಜೆ ಐದರೊಳಗೆ ಜವಾಬು ಕಳಿಸಬೇಕು.

ಓಣಿಗೆ ಓಣಿಯೇ ಕುಣಿಯಿತು. ರಾಯರ ಮುಖ ಮಾತ್ರ ಬಿಳಿಚಿತು. ಯಾರೋ ಸೈಕಲ್ ತಂದರು, ಯಾರೋ ಏಕನಾಥನನ್ನು ಎತ್ತಿ ಅದರ ಮೇಲೆ ಕೂರಿಸಿ ದೂಡಿದರು. "ತಡಿಯೋ, ಏಕನಾಥಾ!" ಎಂದು ರಾಯರು ಕೂಗಿದ್ದು ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಐದಕ್ಕೆ ಇನ್ನೂ ಅರ್ಧ ತಾಸಿತ್ತು. ತಾರು ಆಫೀಸಿನ ಗುರುಶಿದ್ದಪ್ಪ ಅವನನ್ನು ನೋಡಿ ಅಚ್ಚರಿಪಟ್ಟ.

"ಈಗ ಯಾಕ ಬಂದ್ರಿ ಮಾಸ್ತರ? ಜವಾಬು ಮುಂಜಾನೇನಽ ಹೋತಲ್ಲ. ನಿಮ್ಮ ತಂದಿಯವರು ಬಂದು, ಎಲ್ಲಿಂದ ಬಂದದೋ ಅಲ್ಲಿಗೇ ಕಳಸ್ರಿ ಅಂತ ಕೊಟ್ಟು ಹೋದ್ರು."

"ಏನಂತ ಕೊಟ್ರು?"

ಗುರುಶಿದ್ದಪ್ಪ ಕಾಗದ ತೆಗೆದು ಓದಿದ: "ಮನೆಯಲ್ಲಿ ಮದುವೆ. ಬರಲಾಗದು. ಮುಂದಿನ ಕಾರ್ಯ ನೀವೇ ಮುಗಿಸಿರಿ."

ದೊಡ್ಡಪ್ಪ ಹೋದರೆಂದುಕೊಂಡೇ ಅಪ್ಪ ಇದನ್ನು ಬರೆದದ್ದೆಂದು ಏಕನಾಥನಿಗೆ ಹೊಳೆಯಿತು.

"ತಾರಿನ್ಯಾಗ ಏನದ ಅಂತ ನಾ ಹೇಳಾಕ ಹೋದೆ. ಎರಡೂ ಕೈಲೆ ಕಿವಿ ಮುಚ್ಚಿಕೊಂಡು, 'ಮದುವಿ ಮುಗಿಯೂತನಕ ನನ್ನ ಕಿವಿಗೆ ಹಾಕಬ್ಯಾಡ್ರಿ' ಅಂದ್ರು. ಮಗಳ ಮದುವ್ಯಾಗ ಆಟದ ಮಾತು ಬ್ಯಾಡಂತಾರ ಅಂತ ತಿಳಕೊಂಡೆ. ತಗೋರಿ, ಅದಕ್ಕ ಉತ್ತರಾನೂ ಬಂದದ."

ಅದರಲ್ಲಿ ಹೀಗಿತ್ತು: ಅಡಚಣೆ ತಿಳಿಯಿತು. ಬೇರೆಯವರನ್ನು ಕರೆದಿದೆ. ವಧೂವರರಿಗೆ ಶುಭಾಶಯ.

ಅಪ್ಪನಿಗೆ ನಾಲ್ಕು ಮಾತು ಅಂದೇ ತೀರಬೇಕೆಂದು ಏಕನಾಥ ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ಚಪ್ಪರದ ಕೆಳಗೆ ಒಬ್ಬರೇ ಕುಳಿತಿದ್ದ ರಾಯರನ್ನು ಕಂಡು, ಸೈಕಲ್ ಕಂಬಕ್ಕೊರಗಿಸಿ ಅವರ ಪಕ್ಕದಲ್ಲಿ ಕುಳಿತ.

"ಇಷ್ಟು ವರ್ಷ ಬಾಲ್ ಒಗದೆ, ನನ್ನ ಕೈಲೆ ನೀ ಎಂದೂ ಔಟ್ ಆಗಲಿಲ್ಲ," ಎಂದರು ರಾಯರು. "ಇವತ್ತ ಆದಿ."

"ನಾನೂ ಒಡೀಲಿಲ್ಲಲ್ಲಪ್ಪಾ," ಎಂದ ಏಕನಾಥ.

ಸುಲಭಾ ಕಾಕು ತಾಟಿನಲ್ಲಿ ಬುಂದಿ ಉಂಡಿ ಹಿಡಿದು ಸಮಾಧಾನ ಹೇಳಲು ಬಂದಳು. "ಹೋಗ್ಲಿ ಬಿಡ್ರಿ ರಾಯರ, ದೇವರು ದೊಡ್ಡಾಂವ. ಯಾರೂ ಸತ್ತಿಲ್ಲಲ್ಲ!"

ರಾಯರು ಎದ್ದು ಹಿತ್ತಲ ಬಾವಿಗೆ ಹೋಗಿ, ಸಾವಿನ ಸುದ್ದಿ ಕೇಳಿದವರಂತೆ, ಉಟ್ಟ ಪೀತಾಂಬರದಲ್ಲೇ ಎರಡು ಕೊಡ ತಣ್ಣೀರು ತಲೆಗೆ ಸುರಿದುಕೊಂಡರು. ಮೂರನೆಯ ಕೊಡ ಸೇದಿ ಮಗನಿಗಾಗಿ ಕಟ್ಟೆಯ ಮೇಲಿಟ್ಟರು.