ಕತ್ತೆ ತಿಂಗಳು

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಸಾಗರದಲ್ಲಿ ಹೇಳುವವರಿದ್ದರು. ನಾನು ಒಪ್ಪುವುದಿಲ್ಲ. ಹುಚ್ಚಿಗೆ ಒಂದು ಕ್ರಮ ಇರುವುದಿಲ್ಲ. ಮಾವನದಕ್ಕೆ ಕ್ರಮ ಇತ್ತು, ಪಟ್ಟಿ ಇತ್ತು, ತಿಂಗಳಿಗೊಂದು ತಲೆಬರಹ ಇತ್ತು, ಆ ತಲೆಬರಹದ ಅಡಿಗೆ ಕೆಂಪು ಶಾಯಿಯಲ್ಲಿ ಎಳೆದ ಎರಡು ಗೆರೆಗಳೂ ಇದ್ದವು. ಇಷ್ಟೆಲ್ಲ ಇಟ್ಟುಕೊಂಡವರನ್ನು ಹುಚ್ಚರು ಅಂದುಬಿಟ್ಟರೆ ಸರ್ಕಾರವನ್ನು ಏನೆಂದು ಕರೆಯುವುದು?

ಮಾವ ಸರ್ಕಾರದವರೇ. ಆರೋಗ್ಯ ಇಲಾಖೆಯಲ್ಲಿ ಸಿಡುಬಿನ ಲಸಿಕೆ ಹಾಕುವ ಕೆಲಸ. ಜನರ ಬಾಯಲ್ಲಿ ಅದು ‘ದಾಕು’, ಮಾವ ‘ದಾಕಿನವರು’. ಅರವತ್ತರ ದಶಕದ ಆ ದಿನಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಅವರು ಕಾಲಿಡದ ಹಳ್ಳಿ ಇರಲಿಲ್ಲ, ಅವರನ್ನು ಕಂಡು ಓಡದ ಮಕ್ಕಳೂ ಇರಲಿಲ್ಲ. ಹೆಗಲಿಗೆ ಒಂದು ಖಾಕಿ ಚೀಲ. ಅದರ ಒಂದು ಬದಿಯಲ್ಲಿ ಲಸಿಕೆ, ಸ್ಪಿರಿಟ್ಟು, ಹತ್ತಿ, ತೋಳಿಗೆ ಒತ್ತಿ ತಿರುಗಿಸುವ ಹಲ್ಲಿನ ಬಿಲ್ಲೆ. ಇನ್ನೊಂದು ಬದಿಯಲ್ಲಿ ಪುಸ್ತಕ. ಇಲಾಖೆಯವರಿಗೆ ಒಂದು ಬದಿ ಮಾತ್ರ ಗೊತ್ತಿತ್ತು.

ನಾನು ಅರಳಸುರಳಿಯವಳು. ಹೈಸ್ಕೂಲು ಓದಲೆಂದು ಸಾಗರದಲ್ಲಿ ಮಾವನ ಬಾಡಿಗೆ ಮನೆಗೆ ಬಂದು ಸೇರಿದಾಗ ನನಗೆ ಹದಿನಾಲ್ಕು. ಮನೆಯಲ್ಲಿ ಮಾವ, ಅತ್ತೆ, ನಾನು, ಮೂರೇ ಜನ. ಅವರಿಗೆ ಮಕ್ಕಳಿರಲಿಲ್ಲ. ಅತ್ತೆಗೆ ಓದು ಬರುತ್ತಿರಲಿಲ್ಲವಾದ್ದರಿಂದ ಮಾವ ಓದುವುದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಸಂಜೆ ಕಾಫಿ ಆದ ಮೇಲೆ ಅತ್ತೆ ಅಕ್ಕಿ ಆರಿಸುತ್ತಲೋ ಹೂ ಕಟ್ಟುತ್ತಲೋ ಕೂರುವುದು, ಮಾವ ಓದುವುದು. ಇಂಗ್ಲಿಷ್ ಪುಸ್ತಕವಾದರೆ ಓದುತ್ತ ಓದುತ್ತಲೇ ಕನ್ನಡಕ್ಕೆ ತಿರುಗಿಸುವರು. ಅರ್ಥವಾಗದ ಕಡೆ ಕೆಮ್ಮುವರು. ಕೆಲವು ಪುಸ್ತಕಗಳಲ್ಲಿ ಕೆಮ್ಮು ಬಹಳ ಇರುತ್ತಿತ್ತು.

ಒಂದು ಯುಗಾದಿಯ ದಿನ, ಒಬ್ಬಟ್ಟಿನ ಊಟ ಮುಗಿಸಿ ಎದ್ದವರೇ ಮಾವ ಘೋಷಿಸಿದರು.

“ಈ ಯುಗಾದಿಯಿಂದ ಮುಂದಿನ ಯುಗಾದಿವರೆಗೆ ನಾವು ಪ್ರಪಂಚ ಓದೂದು.”

“ಇಷ್ಟು ದಿನ ಓದಿದ್ದು ಎಂತ ಹಾಗಾರೆ?” ಎಂದರು ಅತ್ತೆ.

“ಅದು ಕೈಗೆ ಸಿಕ್ಕಿದ್ದು. ಹಂಗೆ ಓದಿದ್ರೆ ಪ್ರಪಂಚ ಮುಗಿಯೂದಿಲ್ಲ ಮಾರಾಯ್ತಿ. ತಿಂಗಳಿಗೊಂದು ವಿಷಯ ಇಟ್ಕಳೂದು. ಆ ವಿಷಯದ ಮೇಲೆ ಬೇರೆ ಬೇರೆ ದೇಶದವ್ರು ಎಂತ ಬರ್ದಿದಾರೆ ಅಂತ ನೋಡೂದು.”

“ಅಡುಗೆ ಅಂತ ಇಟ್ಕಳಿ ಒಂದು ತಿಂಗಳು.”

“ಅದು ಆಗೂದಿಲ್ಲ. ಎಲ್ಲಾ ದೇಶದಲ್ಲೂ ಇರೋ ವಿಷಯ ಆಗ್ಬೇಕು.”

“ಬೇರೆ ದೇಶದವ್ರು ಉಪವಾಸ ಇರ್ತಾರಾ?”

ಮಾವ ಕೆಮ್ಮಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಏಪ್ರಿಲ್ ಎಂಬುದರ ಮೇಲೆ ಕೆಂಪು ಶಾಯಿಯಲ್ಲಿ ‘ಸಮುದ್ರ’ ಎಂದು ಬರೆದು ಎರಡು ಗೆರೆ ಎಳೆದರು.

ಸಮುದ್ರದ ಪುಸ್ತಕಗಳೇನೋ ಸಿಕ್ಕವು. ಊರಿನ ವಾಚನಾಲಯದಲ್ಲಿ ಎರಡು, ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರ ಬೀರುವಿನಲ್ಲಿ ಒಂದು, ಚರ್ಚಿನ ಮುದುಕ ಪಾದ್ರಿಗಳ ಹತ್ತಿರ ಮೂರು. ತೊಂದರೆಯಾದದ್ದು ಇಲಾಖೆಗೆ. ಆ ತಿಂಗಳು ಮಾವನಿಗೆ ಕೋಣಂದೂರಿನ ಕಡೆ ಒಂದು ಸಣ್ಣ ಊರಿನಲ್ಲಿ ದಾಕು ಹಾಕುವ ಕೆಲಸ ಬಿತ್ತು. ಮಕ್ಕಳೆಲ್ಲ ಅಟ್ಟ ಹತ್ತಿ ಕೂತಿದ್ದವು. ಮಾವ ಬೈಯಲಿಲ್ಲ, ಕರೆಯಲೂ ಇಲ್ಲ. ಒಂದು ಮನೆಯ ಜಗಲಿಯ ಮೇಲೆ ಕೂತು, ಬಿರುಗಾಳಿಗೆ ಸಿಕ್ಕ ಹಡಗಿನ ಕಥೆ ಶುರುಮಾಡಿದರು. ಹಡಗಿನ ತಳ ಒಡೆದು ನೀರು ನುಗ್ಗುವ ಹೊತ್ತಿಗೆ ಅಟ್ಟದ ಏಣಿಯ ಮೇಲೆ ಆರು ತಲೆ ಕಾಣುತ್ತಿದ್ದವಂತೆ. ಮಾವ ಅಲ್ಲಿಗೆ ನಿಲ್ಲಿಸಿದರು.

“ಮುಂದಿಂದು ಕೈ ಕೊಟ್ಟವ್ರಿಗೆ ಮಾತ್ರ.”

ಮಕ್ಕಳು ಕೈ ಕೊಟ್ಟವು, ಮಕ್ಕಳ ಅಮ್ಮಂದಿರೂ ಕೊಟ್ಟರು. ಕೊನೆಯಲ್ಲಿ ಒಬ್ಬ ಅಜ್ಜಿ ಸೆರಗು ಸರಿಸಿ ತೋಳು ಚಾಚಿದರು. ತೋಳಿನ ಮೇಲೆ ಹಳೆಯ ದಾಕಿನ ಕಲೆ ಎರಡು ಆಗಲೇ ಇದ್ದವು.

“ನಿಮಗೆ ಆಗಿದೆಯಲ್ಲ ಅಜ್ಜಿ!” ಎಂದರು ಮಾವ.

“ಆಗಿರ್ಲಿ. ಮತ್ತೊಂದು ಹಾಕು. ಹಡಗು ಎಂತ ಆತು ಹೇಳು.”

ವಿಷಯ ಪಕ್ಕದ ಊರುಗಳಿಗೂ ಹಬ್ಬಿ, ಅಲ್ಲಿಯವರೂ ಬಂದು ಕೈ ಚಾಚಿದರು. ತಿಂಗಳ ಕೊನೆಗೆ ಮೇಲಧಿಕಾರಿಗಳಿಂದ ಮಾವನಿಗೆ ಮೆಮೊ ಬಂತು. ಆ ಊರಿನಲ್ಲಿ ಇರುವ ಜನರಿಗಿಂತ ದಾಕು ಹಾಕಿಸಿಕೊಂಡವರೇ ಹೆಚ್ಚಾಗಿದ್ದಾರಲ್ಲ, ಕಾರಣವೇನು? ಮಾವ ಉತ್ತರದಲ್ಲಿ ಒಂದೇ ಸಾಲು ಬರೆದರು: “ಹಡಗು ಮುಳುಗಿತು.” ಅದರ ಮೇಲೆ ಯಾರೂ ಏನೂ ಕೇಳಲಿಲ್ಲ.

ಮೇ ತಿಂಗಳ ಸೆಕೆಗೆ ‘ಹಿಮ’ ಬಂತು. ಹಿಮದ ದೇಶದ ಪುಸ್ತಕವನ್ನು ಬರಿಮೈಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಓದುವುದು ಬರೆದವರಿಗೆ ಮಾಡುವ ಅವಮಾನ ಎಂದು ಮಾವ ಕಂಬಳಿ ಹೊದ್ದು ಓದಿದರು. ಮೂರನೆಯ ದಿನ ಮೈತುಂಬ ಬೆವರುಸಾಲೆ. ಆಸ್ಪತ್ರೆಯ ಡಾಕ್ಟರು ಕಾರಣ ಕೇಳಿದ್ದಕ್ಕೆ “ಹಿಮಪಾತ” ಎಂದರಂತೆ!

ಮಳೆಗಾಲದಲ್ಲಿ ‘ಕಳ್ಳರು’. ವಾಚನಾಲಯದ ಬಾಗಿಲಲ್ಲಿ ನಿಂತು ಮಾವ, “ನಂಗೆ ಈ ತಿಂಗಳು ಕಳ್ಳರು ಬೇಕು. ಎಷ್ಟು ಜನ ಇದಾರೆ ನಿಮ್ಮಲ್ಲಿ?” ಎಂದು ಗಟ್ಟಿಯಾಗಿ ಕೇಳಿದರು. ಒಳಗೆ ಪೇಪರ್ ಓದುತ್ತಿದ್ದ ಪೊಲೀಸ್ ದಫೇದಾರರು ತಲೆ ಎತ್ತಿದರು. ಅವರೂ ಕಳ್ಳರನ್ನೇ ಹುಡುಕುತ್ತಿದ್ದರು ಅಂತ ಕಾಣುತ್ತದೆ. ಇಬ್ಬರೂ ಬಹಳ ಹೊತ್ತು ಮಾತಾಡಿದರು.

ಇವೆಲ್ಲ ಹೊರಗಿನವು. ನಾವು ಮನೆಯವರು ಅನುಭವಿಸಿದ್ದು ‘ಪತ್ರ’ದ ತಿಂಗಳನ್ನು. ಬರೀ ಪತ್ರಗಳ ರೂಪದಲ್ಲೇ ಬರೆದ ಕಾದಂಬರಿಗಳು ಬೇರೆ ದೇಶಗಳಲ್ಲಿ ಇವೆಯಂತೆ. ಒಂದನ್ನು ಓದಿದ್ದೇ ತಡ, ಮಾವ ಮನೆಯೊಳಗೆ ಮಾತು ಬಿಟ್ಟರು. ಏನಿದ್ದರೂ ಚೀಟಿ. ಅತ್ತೆಗೆ ಓದು ಬಾರದ್ದರಿಂದ ಅಂಚೆಯೂ ನಾನೇ, ಓದುವವಳೂ ನಾನೇ. ಊಟಕ್ಕೆ ಕೂತಲ್ಲಿಂದ ಮಾವ ಚೀಟಿ ಕೊಡುವರು, ನಾನು ಅನ್ನದ ತಟ್ಟೆ ಬಿಟ್ಟೆದ್ದು ಒಲೆಯ ಹತ್ತಿರ ಹೋಗಿ ಓದುವುದು: “ಶ್ರೀಮತಿಯವರ ಸನ್ನಿಧಿಗೆ. ಇಲ್ಲಿ ಎಲ್ಲರೂ ಕ್ಷೇಮ. ಸಾರಿಗೆ ಉಪ್ಪು ಸಾಲದು.”

ಅತ್ತೆ ಒಲೆಯ ಮುಂದಿನಿಂದಲೇ, “ಬರ್ಕಳೇ ಕೂಸೇ,” ಎನ್ನುವರು. “ಪತ್ರ ತಲುಪಿತು. ಉಪ್ಪಿನ ಮರಿಗೆ ತಮ್ಮ ಎಡಗೈ ಹತ್ರನೇ ಇದೆ. ಕಣ್ಣು ಬಿಡೂದು.”

ಹೀಗೆ ಡಿಸೆಂಬರ್ ಮುಗಿಯಲು ಬಂತು. ಜನವರಿಗೆ ವಿಷಯ ಹೊಳೆಯದೆ ಮಾವ ಅಡುಗೆಮನೆಯ ಹೊಸಿಲ ಮೇಲೆ ಕೂತು ಒಂದೊಂದೇ ಹೇಳುತ್ತ, ತಾವೇ ಬೇಡವೆನ್ನುತ್ತ ಇದ್ದರು. “ಸ್ವಾತಂತ್ರ್ಯ ಇಡೋಣ್ವಾ? ಬೇಡ, ಪಾದ್ರಿಗಳತ್ರ ಇರೂದಿಲ್ಲ. ಆತ್ಮ? ಅವ್ರತ್ರ ಅದೇ ಇರೂದು, ಬೇಡ...” ಅತ್ತೆ ದೋಸೆ ಹೊಯ್ಯುತ್ತಿದ್ದರು. ಮೂರು ದೋಸೆ ಕಾವಲಿಗೆ ಹಿಡಿದವು.

“ಕತ್ತೆ ಅಂತ ಇಟ್ಕಳಿ!” ಎಂದರು ಅತ್ತೆ.

ಅದನ್ನು ಅವರು ಯಾವ ಧಾಟಿಯಲ್ಲಿ ಹೇಳಿದರು ಎಂಬುದು ನನಗೆ ಗೊತ್ತು, ನಿಮಗೂ ಗೊತ್ತಾಗುತ್ತದೆ. ಮಾವ ಮಾತ್ರ, “ಕತ್ತೆ...” ಎಂದರು. “ಹೌದಲ್ಲನೇ! ಎಲ್ಲಾ ದೇಶದಲ್ಲೂ ಇದೆ!” ಎದ್ದುಹೋಗಿ ಕೆಂಪು ಶಾಯಿಯ ಬಾಟಲಿ ತೆಗೆದರು. ಹೊಸ ವರ್ಷದ ಕ್ಯಾಲೆಂಡರಿನ ಮೊದಲ ಹಾಳೆಯ ಮೇಲೆ ‘ಕತ್ತೆ’ ಬಂದು ನಿಂತಿತು.

ಕತ್ತೆಯ ಮೇಲೆ ಸಿಕ್ಕಿದ್ದು ಎರಡು ಪುಸ್ತಕ. ಒಂದು, ಪಾದ್ರಿಗಳು ಕೊಟ್ಟ ಸಣ್ಣ ಕನ್ನಡ ಅನುವಾದ. ಗ್ರೀಸ್ ದೇಶದ ಯಾವುದೋ ಬೆಟ್ಟದ ಊರಿನಲ್ಲಿ ಅಂಚೆ ಚೀಲ ಹೊರುವ ಒಂದು ಕತ್ತೆ, ಅದರ ಯಜಮಾನನಾದ ಒಬ್ಬ ಮುದುಕ, ಇಷ್ಟೇ ಕಥೆ. ಇನ್ನೊಂದು, ದನದ ಆಸ್ಪತ್ರೆಯ ಕಾಂಪೌಂಡರು ಕೊಟ್ಟ ಇಂಗ್ಲಿಷ್ ಕೈಪಿಡಿ: ಕತ್ತೆಗಳಿಗೆ ಬರುವ ಗೊರಸಿನ ರೋಗ ಮತ್ತು ಅದರ ಔಷಧೋಪಚಾರ. ಮಾವ ಮೊದಲನೆಯದನ್ನು ಸಾಹಿತ್ಯವೆಂದೂ ಎರಡನೆಯದನ್ನು ಪೂರಕ ಓದು ಎಂದೂ ಕರೆದರು.

ಸಾಹಿತ್ಯದ ಎರಡು ಅಧ್ಯಾಯ ಮುಗಿದಿತ್ತು, ಅಷ್ಟರಲ್ಲಿ ಇಲಾಖೆಯಿಂದ ಆಳು ಬಂದ. ಹೊಸನಗರದ ಆಚೆ ಒಂದು ಹಳ್ಳಿಯಲ್ಲಿ ಸಿಡುಬು ಕಾಣಿಸಿಕೊಂಡಿದೆ, ಕೂಡಲೇ ಹೊರಡಬೇಕು. ಅಮ್ಮ ಬಂದಿದ್ದಾಳೆ, ಈಗ ಸೂಜಿ ಚುಚ್ಚಿದರೆ ಕೋಪ ಮಾಡಿಕೊಳ್ಳುತ್ತಾಳೆ ಎಂದು ಜನ ಬಾಗಿಲು ಹಾಕಿಕೊಂಡಿದ್ದಾರೆ.

ಮಾವ ಅರ್ಧ ಗಂಟೆಯಲ್ಲಿ ತಯಾರಾದರು. ಚೀಲದ ಎರಡೂ ಬದಿಗೆ ಲಸಿಕೆಯ ಸಾಮಾನನ್ನೇ ತುಂಬಿದರು. ಅವರು ಪುಸ್ತಕವಿಲ್ಲದೆ ಹೊರಟದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಹತ್ತು ದಿನ ಆಗ್ಬಹುದು,” ಎಂದರು ನನಗೆ. “ನೀನು ನಿಮ್ಮತ್ತೆಗೆ ಓದ್ತಾ ಇರು. ಕ್ರಮ ತಪ್ಪಬಾರದು. ಫೆಬ್ರವರಿಗೆ ನದಿ. ಪುಸ್ತಕ ಮೇಲಿನ ಗೂಡಲ್ಲಿದೆ.”

ನಾಲ್ಕು ದಿನಕ್ಕೆ ಒಂದು ಕಾರ್ಡು ಬಂತು. ಊರಿನ ಶಾಲೆಯಲ್ಲಿ ಇಳಿದುಕೊಂಡಿದ್ದೇನೆ, ಯಾರೂ ಬಾಗಿಲು ತೆಗೆಯುತ್ತಿಲ್ಲ, ಬಾಗಿಲ ಹೊರಗೇ ಕೂತು ಕತ್ತೆಯ ಕಥೆ ಹೇಳುತ್ತಿದ್ದೇನೆ, ಒಂದು ಕಿಟಕಿ ತೆರೆದಿದೆ. ವಾರದ ಮೇಲೆ ಇನ್ನೊಂದು: ಹನ್ನೊಂದು ಮನೆ ಆಯಿತು. ಆಮೇಲೆ ಕಾರ್ಡು ಬರಲಿಲ್ಲ.

ಜನವರಿ ಮುಗಿಯಿತು. ಒಂದನೆಯ ತಾರೀಕು ಬೆಳಿಗ್ಗೆ ನಾನು ಕ್ಯಾಲೆಂಡರಿನ ಹಾಳೆ ಹರಿಯಲು ಕೈ ಹಾಕಿದೆ.

“ಯಾರು ಹೇಳಿದ್ದು ನಿಂಗೆ?” ಎಂದರು ಅತ್ತೆ ಹಿಂದಿನಿಂದ.

“ತಿಂಗಳು ಮುಗೀತಲ್ಲ ಅತ್ತೆ. ಇನ್ನು ನದಿ ಓದ್ಬೇಕು. ಮಾವ ಹೇಳಿದಾರೆ.”

“ಕತ್ತೆ ಮುಗಿದಿಲ್ಲ.”

“ಮೊನ್ನೆನೇ ಮುಗೀತಲ್ಲ!”

“ಮತ್ತೊಂದ್ಸಲ ಓದು.”

ಓದಿದೆ. ಅದು ಮುಗಿಯಿತು. ಮತ್ತೊಂದು ಸಲ ಓದು ಎಂದರು. ಅದೂ ಮುಗಿದು, ನನಗೆ ಆ ಕತ್ತೆಯ ಮುಖ ನೋಡಲು ಬೇಜಾರಾಗಿ ಮುಷ್ಕರ ಹೂಡಿದ ದಿನ ಅತ್ತೆ ಇಂಗ್ಲಿಷ್ ಕೈಪಿಡಿ ತಂದು ನನ್ನ ಮಡಿಲಿಗಿಟ್ಟರು. ನಾನು ಗೊರಸಿನ ರೋಗದ ಲಕ್ಷಣಗಳನ್ನು ಇಂಗ್ಲಿಷಿನಲ್ಲೇ ಓದಿದೆ. ತಿರುಗಿಸಲು ನನಗೆಲ್ಲಿ ಬರಬೇಕು? ಮಾವನ ಹಾಗೆ ಕೆಮ್ಮಲೂ ಬರುತ್ತಿರಲಿಲ್ಲ.

“ಅತ್ತೆ, ನಿಮಗೆ ಅರ್ಥ ಆಗ್ತದಾ?”

“ಇಲ್ಲ. ಓದು.”

ಹಾಲು ತರುವ ಹೆಂಗಸು ಒಂದು ಬೆಳಿಗ್ಗೆ ತಾರೀಕು ಕೇಳಿದಳು. ಅತ್ತೆ ಗೋಡೆಯ ಕಡೆ ಕೈ ತೋರಿಸಿ, “ಜನವರಿ” ಎಂದರು. ಫೆಬ್ರವರಿ ಅರ್ಧ ಕಳೆದಿತ್ತು. ಅವಳು ಅತ್ತೆಯ ಮುಖ ನೋಡಿದಳು. ಹಾಲು ಅಳೆದು ಕೊಟ್ಟು ಹೋದಳು.

ಸುದ್ದಿ ತಂದವನು ಹೊಸನಗರದ ಬಸ್ಸಿನ ಕಂಡಕ್ಟರ್. ಮನೆಯ ಮುಂದೆ ಬಸ್ಸು ನಿಲ್ಲಿಸಿ, ಇಳಿದು ಬಂದು ಹೇಳಿದ: “ಅಮ್ಮಾ, ದಾಕಿನವ್ರಿಗೆ ಜೋರು ಜ್ವರ ಅಂತೆ. ಸಿಡುಬಲ್ವಂತೆ, ಬೇರೆ ಎಂತದೋ ಚಳಿಜ್ವರ. ಶಾಲೇಲೇ ಮಲಗಿದಾರಂತೆ. ಆ ಊರಿಗೆ ಯಾರನ್ನೂ ಬಿಡ್ತಾ ಇಲ್ಲ, ಅಲ್ಲಿಂದ ಹೊರಗೂ ಬಿಡ್ತಾ ಇಲ್ಲ.”

ಅತ್ತೆ ಸೀರೆ ಬದಲಿಸಿ ಇಲಾಖೆಯ ಆಫೀಸಿಗೆ ಹೋದರು. ನಾನೂ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಅದಕ್ಕಿಂತ ಹೆಚ್ಚಿನದು ಅವರ ಹತ್ತಿರ ಇರಲಿಲ್ಲ. ಅತ್ತೆ ಮನೆಗೆ ಬಂದು ಕಾಲು ತೊಳೆದು, ಎಂದಿನ ಜಾಗದಲ್ಲಿ ಮೊರ ಇಟ್ಟುಕೊಂಡು ಕೂತು, “ಓದು” ಎಂದರು.

ಓದುತ್ತಿದ್ದೆ. ಮುದುಕನ ಮನೆಯ ಮುಂದೆ ಕತ್ತೆ ಬಂದು ನಿಲ್ಲುವ ಕಡೆ ಅತ್ತೆ ಕೈ ಎತ್ತಿದರು.

“ಒಂದು ಸಾಲು ಬಿಟ್ಟೆ.”

“ಇಲ್ಲ ಅತ್ತೆ.”

“‘ಗಾಳಿ ಬೀಸುತ್ತಿತ್ತು’ ಅಂತ ಇದೆ ಅಲ್ಲಿ.”

ನೋಡಿದೆ. ಇತ್ತು. ಅಲ್ಲಿಂದ ಮುಂದೆ ನಾನು ಪುಸ್ತಕಕ್ಕಿಂತ ಅತ್ತೆಯ ಮುಖವನ್ನೇ ಹೆಚ್ಚು ನೋಡಿದೆ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಅವರ ತುಟಿ ಅಲುಗುತ್ತಿತ್ತು. ಮೊರದಲ್ಲಿ ಕಲ್ಲೇ ಇರದ ಅಕ್ಕಿಯನ್ನು ಅವರು ಮತ್ತೆ ಮತ್ತೆ ಆರಿಸುತ್ತಿದ್ದರು.

ಮಾರ್ಚ್ ನಡುವಿನ ಒಂದು ಮಧ್ಯಾಹ್ನ. ಪರೀಕ್ಷೆಗೆಂದು ಶಾಲೆಗೆ ರಜೆ ಕೊಟ್ಟಿದ್ದರು. ಅತ್ತೆ ರುಬ್ಬುವ ಕಲ್ಲಿನ ಮುಂದೆ ಇದ್ದರು. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಮಾವ. ಗೂಟಕ್ಕೆ ನೇತುಹಾಕಿದ ಹಾಗಿತ್ತು ಅಂಗಿ. ಒಳಗೆ ಮಾವ ಸ್ವಲ್ಪವೇ ಇದ್ದರು. ಬಿಳಿಯ ಗಡ್ಡ ಬಂದಿತ್ತು.

ಅತ್ತೆ ಎದ್ದರು. ಬಚ್ಚಲಿಗೆ ಹೋಗಿ ಕೈ ತೊಳೆದರು. ಹಿಟ್ಟು ಮೆತ್ತಿದ ಎರಡು ಕೈ ತೊಳೆಯಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಬಂದು, “ಊಟ ಆತಾ?” ಎಂದರು.

“ಇಲ್ಲ.”

ಬಡಿಸಿದರು. ಮಾವ ನಿಧಾನವಾಗಿ ಉಣ್ಣುತ್ತ ಹೇಳಿದರು. ಊರಿನ ಒಂದು ಮನೆಯೂ ಬಿಡದ ಹಾಗೆ ದಾಕು ಹಾಕಿ ಆಗಿತ್ತು. ಕೊನೆಯ ಮನೆ ಮುಗಿಸಿದ ದಿನವೇ ಜ್ವರ ಬಿತ್ತು. ಬಾಗಿಲು ಹಾಕಿಕೊಂಡಿದ್ದ ಹೆಂಗಸರೇ ಸರದಿಯ ಮೇಲೆ ಗಂಜಿ ತಂದು ಕುಡಿಸಿ ಬದುಕಿಸಿದರಂತೆ.

“ಒಂದೇ ತೊಂದ್ರೆ ಆದ್ದು,” ಎಂದರು ಮಾವ. “ದಿನಾ ಬಂದು ಕತ್ತೆ ಕಥೆ ಕೇಳೋರು. ನಾನು ಓದಿದ್ದು ಎರಡೇ ಅಧ್ಯಾಯ. ಕೊನೆ ಎಂತ ಅಂತ ನಂಗೇ ಗೊತ್ತಿಲ್ಲ. ಬೇರೆ ದಾರಿ ಕಾಣ್ದೆ ಕತ್ತೆಗೆ ಮದುವೆ ಮಾಡಿಸ್ಬಿಟ್ಟೆ.”

ಅತ್ತೆ ನಗಲಿಲ್ಲ. ಇನ್ನೊಂದು ಸೌಟು ಮಜ್ಜಿಗೆ ಹಾಕಿದರು.

ಕೈ ತೊಳೆದು ಹೊರಗೆ ಬಂದ ಮಾವ ಗೋಡೆಯ ಮುಂದೆ ನಿಂತರು. ಕಣ್ಣು ಕಿರಿದು ಮಾಡಿ ನೋಡಿದರು.

“ಇದೆಂತದು? ಮಾರ್ಚ್ ಅಲ್ವಾ ಈಗ? ನದಿ ಎಂತ ಆತು?”

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿದರು: “ಶುರು ಮಾಡ್ಲಿಲ್ಲ. ಕತ್ತೆ ಮುಗಿದಿಲ್ಲ.”

ಮಾವ ಅತ್ತೆಯನ್ನು ನೋಡಿದರು, ಆಮೇಲೆ ನನ್ನನ್ನು. ಅಂಚೆಲ್ಲ ಸವೆದು, ಹೊಲಿಗೆ ಬಿಟ್ಟು, ಅನ್ನದ ಅಂಟು ಹಾಕಿ ಎರಡು ಸಲ ಹಚ್ಚಿದ್ದ ಆ ಸಣ್ಣ ಪುಸ್ತಕವನ್ನು ಗೂಡಿನಿಂದ ತೆಗೆದರು. ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಗೋಡೆಗೆ ಒರಗಿ ಕೂತು, ಕನ್ನಡಕ ಹಾಕಿಕೊಂಡು, “ಎಲ್ಲಿವರೆಗೆ ಬಂತು?” ಎಂದರು.

ಆ ಪುಸ್ತಕದ ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಬಾಯಿಪಾಠ ಇದ್ದ ನಮ್ಮತ್ತೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಎದುರಿಗೆ ಕೂತರು.

“ನಂಗೆಂತ ಗೊತ್ತು? ಶುರುವಿಂದ ಓದಿ.”

ಮಾವ ಓದತೊಡಗಿದರು. ಅತ್ತೆ ತುಟಿ ಬಿಗಿಹಿಡಿದು ಕೇಳುತ್ತ ಕೂತರು, ಮುಂದೇನಾಗುತ್ತದೆಂದು ಗೊತ್ತೇ ಇಲ್ಲದವರ ಹಾಗೆ.