ಸಿಲೇಟಿನ ಮೇಲಿನ ಹಂತಗಳು

ಹೈದರಸಾಬ ಸಿಲೇಟನ್ನು ಅಂಗಿಯ ತೋಳಿನಿಂದ ಒರೆಸಿದ್ದೇ ತಪ್ಪಾಯಿತು.

ಬಳ್ಳಾರಿಯ ಆ ಕಾಲೇಜಿನಲ್ಲಿ ಕಾಗದ ತುಟ್ಟಿ. ಕಚ್ಚಾ ಲೆಕ್ಕ ಸಿಲೇಟಿನ ಮೇಲೆ, ಪಕ್ಕಾದ್ದು ಮಾತ್ರ ಹಾಳೆಯ ಮೇಲೆ ಎಂಬುದು ಪದ್ಧತಿ. ಸಿರುಗುಪ್ಪದಿಂದ ಬಂದ ಹುಡುಗ ಅದನ್ನು ಕೊಂಚ ಹೆಚ್ಚೇ ಪಾಲಿಸಿದ. ಪರೀಕ್ಷೆಗೆ ಬಂದದ್ದು ಆದೇಶ ಹಾಕಿ ಅನುಕಲಿಸುವ ಲೆಕ್ಕ. ಅಂದರೆ, ಕಂಟಕದಂಥ ಉದ್ದನೆಯ ಪದಕ್ಕೆ ಒಂದೇ ಅಕ್ಷರದ ಟೊಪ್ಪಿಗೆ ತೊಡಿಸಿ ಸಾಧುವಾಗಿಸುವುದು, ಕೆಲಸ ಮುಗಿದ ಮೇಲೆ ಟೊಪ್ಪಿಗೆ ತೆಗೆಯುವುದು. ಹಂತಗಳನ್ನೆಲ್ಲ ಸಿಲೇಟಿನ ಮೇಲೆ ಮಾಡಿ, ಹಾಳೆಗೆ ಉತ್ತರವೊಂದನ್ನೇ ಇಳಿಸಿ, ಸಿಲೇಟು ಒರೆಸಿ ಬಂದ.

ಮರುದಿನ ಬೆಳಿಗ್ಗೆ ಗಣಿತದ ಚಿದಾನಂದಪ್ಪ ಮಾಸ್ತರರು ಫಲಿತಾಂಶ ಓದಿದರು. ಮದ್ರಾಸಿನ ಪರೀಕ್ಷೆಗೆ ಕಾಲೇಜು ಕಳಿಸುವುದು ಒಬ್ಬನನ್ನೇ. ಆ ಒಬ್ಬ, ಹೈದರಸಾಬನ ಹಿಂದಿನ ಬೆಂಚಿನ ಚಂದ್ರಣ್ಣ, ಕುರುಗೋಡಿನ ಸಾಹುಕಾರರ ಮಗ. ಹಂತ ಹಂತವಾಗಿ ಬರೆದಿದ್ದ.

"ನಿನಗ ಸೊನ್ನಿ," ಎಂದರು ಹೈದರಸಾಬನಿಗೆ. "ಹಂತ ಇಲ್ದ ಉತ್ತರ ಎಲ್ಲಿಂದ ಬಂತು? ಚಂದ್ರಣ್ಣಂದು ನೋಡಿ ಬರದೀಯೇನು?"

"ಅಂವ ನನ್ನ ಹಿಂದ ಕುಂತಿದ್ದನ್ರಿ. ನನ್ನ ಬೆನ್ನಿಗೆ ಕಣ್ಣಿಲ್ರಿ."

"ಬಾಯಿ ಬಾಳ ಐತಿ ನಿಂಗ."

ಮಧ್ಯಾಹ್ನ, ಅವನು ಓದಲೆಂದು ಉಳಿದುಕೊಂಡಿದ್ದ ಮನೆಯಲ್ಲಿ ಸುದ್ದಿ ಕೇಳಿದ ಸೋದರಮಾವ ದಾವಲಸಾಬ ಹೊಲಿಯುತ್ತಿದ್ದ ಜುಬ್ಬಾ ಬಿಸುಟು ಎದ್ದ. ಪಕ್ಕದ ಮನೆಯ ಉಜ್ಜಿನಪ್ಪನೂ ಕರೆಯದೇ ಬಂದ. ಕೋರ್ಟಿನ ಜಗಲಿಯಲ್ಲಿ ಕೂತು ಕೂತು ಕಾಯಿದೆ ಕಲಿತವನು.

"ನೀ ಸುಮ್ನಿರು ಹೈದರಾ, ಮಾತೆಲ್ಲಾ ನಂದು," ಎಂದ.

"ಮಾತು ಬ್ಯಾಡ ಕಾಕಾ. ಲೆಕ್ಕಾನ ಮಾತಾಡತೈತಿ," ಎಂದ ಹೈದರಸಾಬ.

ಮೂವರೂ ತರಗತಿಗೆ ನುಗ್ಗಿದರು. ಉಜ್ಜಿನಪ್ಪ "ಮಹಾಸ್ವಾಮಿ" ಎಂದು ಶುರು ಮಾಡಿದೊಡನೆ ಮಾಸ್ತರರು ತಮ್ಮನ್ನೇ ಜಡ್ಜಿಯೆಂದುಕೊಂಡು ಕುರ್ಚಿಯಲ್ಲಿ ಉಬ್ಬಿ ಕೂತರು. ಹೈದರಸಾಬ ಕೇಳದೆಯೇ ಸೀಮೆಸುಣ್ಣ ಎತ್ತಿಕೊಂಡ.

"ಎಕ್ಸಿನ ವರ್ಗಕ್ಕ ಒಂದು ಕೂಡಿಸಿದ್ದು ಝಡ್ ಅನ್ರಿ. ಯಾಕ? ಅದರ ಅವಕಲನ ಎರಡು ಎಕ್ಸ್, ಕಂಸದ ಹೊರಗ ಎಕ್ಸ್ ಕಾಯ್ತಾ ನಿಂತೈತಿ. ಅದಕ್ಕ ಅರ್ಧ ಹೊರಗ ಬಂತು. ಕಂಸದ ಮ್ಯಾಗ ಮೂರರ ಘಾತ ಐತಿ, ಅಂದ್ರ ಝಡ್ಡಿನ ಘನ; ಅದನ್ನ ಅನುಕಲಿಸಿದ್ರ ಝಡ್ ನಾಕರ ಘಾತ, ಕೆಳಗ ನಾಕು. ಅರ್ಧ ಸೇರಿ ಎಂಟು. ಈಗ ಝಡ್ ತಗದು ಎಕ್ಸ್ ಹಾಕ್ರಿ."

ಒಂದು ಹಂತವನ್ನೂ ಬಿಡಲಿಲ್ಲ. ಹಲಗೆ ತುಂಬಿತು. ಬಿಡದೆ ಗೋಡೆಯ ಮೇಲೂ ಬರೆದ. ಮೇಲಿನ ಸಾಲು ಕಾಣಲೆಂದು ಮಾವ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಬೆಂಚು ಏರಿದ, ಬೆಂಚು ಮಗುಚಿತು, ಮಾಸ್ತರರ ಪೇಟ ಉರುಳಿತು. ಹೈದರಸಾಬ ತಿರುಗಿಯೂ ನೋಡಲಿಲ್ಲ.

"ತಪ್ಪು ಎಲ್ಲೈತಿ ತೋರಿಸ್ರಿ," ಎಂದ.

ಪೇಟ ಸರಿಪಡಿಸಿಕೊಳ್ಳುತ್ತ ಮಾಸ್ತರರು ಚಂದ್ರಣ್ಣನತ್ತ ತಿರುಗಿದರು. "ಆ ಎಂಟು ಎಲ್ಲಿಂದ ಬಂತಪ್ಪಾ?"

ಚಂದ್ರಣ್ಣ ಸಂತೆಯಲ್ಲಿ ಕಳೆದ ಕರುವಿನಂತೆ ಸುತ್ತ ನೋಡಿದ. "ಅವ್ನ ಸಿಲೇಟಿನಾಗ ಎಂಟ ಇತ್ರಿ."

ತರಗತಿ ಗೊಳ್ಳೆಂದಿತು. "ಗೆದ್ವಿ," ಎಂದ ಉಜ್ಜಿನಪ್ಪ.

ಮಾಸ್ತರರು ಇಬ್ಬರ ಹಾಳೆಗಳನ್ನೂ ಮೇಜಿನ ಮೇಲೆ ಹರವಿದರು. "ಲೆಕ್ಕ ನಿಂದ, ಖರೆ. ಆದ್ರ ಅಂಕ ಕೊಡೂದು ಹಾಳಿ ಮ್ಯಾಗಿನ ಹಂತಕ್ಕ. ಹಂತ ಇರೋ ಹಾಳಿ ಯಾರ್ದು? ಚಂದ್ರಣ್ಣಂದು."

"ಅಂವ ಕದ್ದಾನಲ್ರಿ," ಎಂದ ಹೈದರಸಾಬ.

"ಸಿಲೇಟಿನ ಮ್ಯಾಗಿಂದು ಪರೀಕ್ಷೆ ಬರಹಾನ ಅಲ್ಲ, ನಿಯಮ ಐತಿ. ಬರೀದ ಇದ್ದದ್ದನ್ನ ಕದಿಯೂದು ಹೆಂಗ?"

ಉಜ್ಜಿನಪ್ಪ ತಲೆದೂಗಿದ. "ಕಾಯಿದೆ ಪ್ರಕಾರ ಸರಿ ಐತಿ ನೋಡು."

ಹೈದರಸಾಬ ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಟ್ಟಿಟ್ಟ. "ಹಂಗಂದ್ರ ನಿಮ್ಮ ನಿಯಮಾನ ತಪ್ಪೈತಿ. ಸಾಹುಕಾರನ ಮಗ ಸೊನ್ನಿ ತಗೊಂಡಿದ್ರ ಈ ನಿಯಮ ಹುಟ್ಟತಿತ್ತೇನ್ರಿ? ನಾ ಬರದದ್ದು ಗೋಡಿ ಮ್ಯಾಲ ಐತಿ. ಊರೆಲ್ಲ ಬಂದು ನೋಡ್ಲಿ."

ಅಷ್ಟರಲ್ಲಿ ಪೆನ್ಸಿಲ್ಲಿನ ಗೀರುಸದ್ದು ಕೇಳಿತು. ಹಿಂದಿನ ಬೆಂಚಿನಲ್ಲಿ ಚಂದ್ರಣ್ಣ ತಲೆ ಬಗ್ಗಿಸಿ ಗೋಡೆಯದನ್ನೆಲ್ಲ ಇಳಿಸಿಕೊಳ್ಳುತ್ತಿದ್ದ.

"ಹೈದರಾ, ತುಸು ಆಕಡಿ ಸರಿಯಲೇ," ಎಂದ. "ಮದ್ರಾಸಿನಾಗೂ ಇದನ್ನ ಕೇಳ್ತಾರಂತ."