ಸಂಪಗಾಂವಕ್ಕೆ ಬುತ್ತಿ ಹೋದದ್ದು

ಮನುಷ್ಯನ ಘನತೆ ಇರುವುದು ಅವನ ದುಡಿಮೆಯಲ್ಲಿ; ದುಡಿಮೆಯಿಲ್ಲದವನ ಬಾಳು ಎತ್ತಿಲ್ಲದ ಚಕ್ಕಡಿಯಂತೆ. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಒಂದು ಮಂಗಳವಾರ ಬೆಳಗಿನ ಹತ್ತೂವರೆಗೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ. ಹೊಳೆದ ಮೇಲೆ ಇನ್ನೂ ಅರ್ಧ ತಾಸು ಮಲಗಿದೆ. ಸತ್ಯಗಳನ್ನು ಅವಸರದಿಂದ ಜಾರಿಗೆ ತರಬಾರದು ಎಂಬುದು ನನ್ನ ಹಳೆಯ ಕಾಲದ ನಂಬಿಕೆ.

ನಾನು ಬೈಲಹೊಂಗಲದ ಒಂದು ಹತ್ತಿ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತ ತಲೆ ನರೆಸಿಕೊಂಡವನು. ಮಾಲೀಕರು ಕಾರ್ಖಾನೆಯನ್ನು ಮಾರಿದರು. ಕೊಂಡವರು ಅದನ್ನು ಕಲ್ಯಾಣ ಮಂಟಪ ಮಾಡಿದರು. ಹೊಸ ಮಾಲೀಕರ ಮುಂದೆ ನಿಂತು ನನ್ನ ಸೇವೆ ಎಂದಿನಂತೆ ಮುಂದುವರಿಯಲು ಸಿದ್ಧವಿದೆ ಎಂದು ವಿನಯದಿಂದ ಅರಿಕೆ ಮಾಡಿಕೊಂಡೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಿಮಗ ಸನಾದಿ ಊದಾಕ ಬರತೈತೇನ್ರಿ?" ಎಂದು ಕೇಳಿದರು. ಬರುವುದಿಲ್ಲವೆಂದೆ. ಆ ಒಂದು ಕೊರತೆಯಿಂದಾಗಿ ನಾನು ನಿರುದ್ಯೋಗಿಯಾದೆ.

ಕೆಲಸ ಕಳೆದುಕೊಂಡದ್ದು ಅಂಥ ದೊಡ್ಡ ತೊಂದರೆಯಲ್ಲ. ಕೆಲಸ ಹುಡುಕುತ್ತಿದ್ದೇನೆ ಎಂಬುದು ಓಣಿಗೆ ಗೊತ್ತಾಗುವುದೇ ತೊಂದರೆ. ಹಾಲು ತರಲು ಹೊರಟರೆ, "ಏನ್ರಿ, ಏನಾತ್ರಿ ಕೆಲಸದ್ದು?" ಕ್ಷೌರಕ್ಕೆ ಕುಳಿತರೆ, ಕತ್ತಿ ಗಂಟಲ ಮೇಲಿರುವಾಗಲೇ ಅದೇ ಪ್ರಶ್ನೆ. ಆಗಿಲ್ಲವೆಂದರೆ ಅವರ ಮುಖದಲ್ಲಿ ಮೂಡುವ ಮರುಕ ಎಷ್ಟು ಮನಃಪೂರ್ವಕವಾಗಿರುತ್ತದೆಂದರೆ, ಇಷ್ಟೊಂದು ಜನರನ್ನು ದುಃಖಕ್ಕೆ ಈಡುಮಾಡಿದ ಪಾಪಪ್ರಜ್ಞೆ ನಮ್ಮನ್ನೇ ಕಾಡತೊಡಗುತ್ತದೆ. ಕಡೆಗೆ ನಾನು, "ಮಾತುಕತೆ ನಡದೈತ್ರಿ" ಎನ್ನಲು ಕಲಿತೆ. ಇದು ಸುಳ್ಳಲ್ಲ. ಮಾತುಕತೆ ನನ್ನ ಮತ್ತು ನನ್ನ ಹೆಂಡತಿ ಸುಮಂಗಲಾಳ ನಡುವೆ ಬೆಳಗಿನಿಂದ ರಾತ್ರಿಯವರೆಗೆ ನಡೆದೇ ಇತ್ತು.

ಹೊಸ ಕಾಲದಲ್ಲಿ ಕೆಲಸ ಬೇಕಾದರೆ ಬಯೋಡಾಟಾ ಬೇಕು, ಬಯೋಡಾಟಾಕ್ಕೆ ಫೋಟೋ ಬೇಕು. ಬಸ್‌ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಯವನು ನನ್ನ ಮುಖವನ್ನು ಕತ್ತರಿಸಿ ಯಾರದೋ ಕೋಟಿನ ಮೇಲೆ ಕೂರಿಸಿದ. ಕೋಟಿನ ಮೂಲ ಮಾಲೀಕ ನನಗಿಂತ ಗಟ್ಟಿಮುಟ್ಟಾಗಿದ್ದವನಿರಬೇಕು. ಅಗಲವಾದ ಭುಜಗಳ ನಡುವೆ ನನ್ನ ಮುಖ ಗಡಿಗೆಯ ಮೇಲಿಟ್ಟ ನಿಂಬೆಹಣ್ಣಿನಂತಿತ್ತು. ಸುಮಂಗಲಾ ಅದನ್ನು ಬೆಳಕಿಗೆ ಹಿಡಿದು, "ಯಾರ್ರಿ ಇವ್ರು? ಹಿಂಗ್ಯಾಕ ಅಂಜಿ ಕುಂತಾರ?" ಎಂದಳು. ಆ ಅಂಜಿದ ಮಹನೀಯನನ್ನೇ ಹಿಡಿದುಕೊಂಡು ನಾನು ಸವದತ್ತಿಯ ಒಂದು ಶಾಲೆಗೆ, ರಾಮದುರ್ಗದ ಒಂದು ನೇಕಾರಿಕೆಯ ಕಾರ್ಖಾನೆಗೆ, ಕಿತ್ತೂರಿನ ಒಂದು ಗೋದಾಮಿಗೆ ಹೋಗಿ ಬಂದೆ. ಪ್ರತಿ ಸಲವೂ ಹೋಗುವಾಗ ಮೈಯಲ್ಲಿ ಮದುಮಗನ ಹುರುಪು. ಕಿತ್ತೂರಿನಲ್ಲಿ ಸಂದರ್ಶನ ಮಾಡಿದ ಹುಡುಗ, "ಅಂಕಲ್, ನಿಮಗ ಪ್ರೆಶರ್ ತಡಕೊಳ್ಳಾಕ ಆಗತೈತೇನ್ರಿ?" ಎಂದ. ಗುಳಿಗೆ ತಗೊಳ್ಳುತ್ತಿದ್ದೇನೆ, ಈಗ ಹತೋಟಿಯಲ್ಲಿದೆ ಎಂದೆ. ಅವನು ಕೇಳಿದ್ದು ಕೆಲಸದ ಒತ್ತಡದ ಬಗ್ಗೆ ಎಂದು ತಿಳಿದದ್ದು ವಾಪಸು ಬರುವ ಬಸ್ಸಿನಲ್ಲಿ.

ಹೀಗೆ ನಾನು ತಾಲೂಕುಗಳನ್ನು ಸುತ್ತುತ್ತಿದ್ದಾಗ, ಸುಮಂಗಲಾ ಮನೆಯಲ್ಲೇ ಕುಳಿತು ಒಂದು ಉದ್ಯಮ ಕಂಡುಹಿಡಿದಿದ್ದಳು. ನಮ್ಮ ಕಡೆ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುವಾಗ ತವರಿನವರು ಬುತ್ತಿ ಒಯ್ಯುವುದು ಪದ್ಧತಿ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಳ್ಳಿನ ಹೋಳಿಗೆ, ಕರ್ಚಿಕಾಯಿ, ಮೊಸರನ್ನ, ಹೀಗೆ ಬಸುರಿಯೊಬ್ಬಳು ತಿನ್ನಲಾರದಷ್ಟು, ಅವಳ ನೆಪದಲ್ಲಿ ಉಳಿದವರು ತಿನ್ನಬಹುದಾದಷ್ಟು. ಈಗ ಯಾರಿಗೂ ಅದನ್ನೆಲ್ಲ ಮಾಡಲು ಪುರಸೊತ್ತಿಲ್ಲ. "ನಾ ಮಾಡಿ ಕೊಡತೇನ್ರಿ, ನೀವು ಮುಟ್ಟಿಸಿ ಬರ್ರಿ" ಎಂದಳು. ಒಬ್ಬ ಅನುಭವಿ ಲೆಕ್ಕಿಗನನ್ನು ರೊಟ್ಟಿ ಮುಟ್ಟಿಸುವವನನ್ನಾಗಿ ಮಾಡುವ ಈ ಸೂಚನೆಯನ್ನು ನಾನು ಮೊದಲು ಖಂಡಿಸಿದೆ. ಆಮೇಲೆ ಮಾದರಿಗೆಂದು ಮಾಡಿದ ಎಳ್ಳಿನ ಹೋಳಿಗೆ ತಿಂದೆ. ತಿಂದಾದ ಮೇಲೆ, ಪ್ರಚಾರ ವಿಭಾಗವನ್ನು ಪೂರ್ತಿ ನನಗೆ ಬಿಡುವುದಾದರೆ ಒಪ್ಪಬಹುದು ಎಂದೆ. ಅವಳು ಹಿಟ್ಟು ನಾದುತ್ತ ತಲೆಯಾಡಿಸಿದಳು. ನಾದುವಾಗ ಯಾರ ತಲೆಯಾದರೂ ಆಡುತ್ತದೆ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಅದೇ ವಾರ ಕೆಲಸದ ಬಾಗಿಲೂ ತೆರೆಯಿತು. ಸಂಪಗಾಂವದ ರುದ್ರಪ್ಪ ಸಾವಕಾರರಿಗೆ ಬೈಲಹೊಂಗಲ ಪೇಟೆಯಲ್ಲಿ ಗೊಬ್ಬರದ ದೊಡ್ಡ ಅಂಗಡಿಯಿದೆ. ಲೆಕ್ಕ ಬರೆಯುವವರು ಬೇಕಾಗಿದ್ದಾರೆಂದು ಕೇಳಿ ಹೋದೆ. ಸಾವಕಾರರು ಬಯೋಡಾಟಾ ನೋಡಲಿಲ್ಲ, ಕೋಟಿನವನನ್ನೂ ನೋಡಲಿಲ್ಲ. ಕೇಳಿದ್ದು ಒಂದೇ ಮಾತು: "ಮಾತು ಕಡಿಮಿ ಅದಾವೇನ್ರಿ?" ನಾನು ಮಿತಭಾಷಿಯೆಂಬುದನ್ನು ಉದಾಹರಣೆಗಳ ಸಹಿತ ವಿವರಿಸಿದೆ. ಚಹಾ ಬಂದು, ಕುಡಿದು, ಕಪ್ಪು ತೊಳೆದು ಇಡುವವರೆಗೂ ವಿವರಿಸಿದೆ. ಮಾತಿನ ಓಘದಲ್ಲಿ ಸುಮಂಗಲಾಳ ಬುತ್ತಿಯ ಸಂಗತಿಯೂ ಬಂತು. ಸಾವಕಾರರು ಕಿವಿಯಲ್ಲಿ ಬೆರಳು ತಿರುವಿಕೊಂಡು, "ಆತ್ರಿ, ಸೋಮವಾರ ಬರ್ರಿ, ನೋಡೂಣು" ಎಂದರು. ನಮ್ಮ ಭಾಗದಲ್ಲಿ 'ನೋಡೂಣು' ಎಂದರೆ ಮುಕ್ಕಾಲು ನೇಮಕಾತಿ. ಉಳಿದ ಕಾಲು ಭಾಗವನ್ನು ನಾನೇ ನೀಡಿಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ "ಆತ್ರಿ ಕೆಲಸ" ಎಂದು ಹೇಳುತ್ತ, ಗಾಳಿಯಲ್ಲಿ ತೇಲುವವನಂತೆ ಮನೆಗೆ ಬಂದೆ.

ಮರುದಿನ ಸುಮಂಗಲಾಳ ಫೋನಿಗೆ ನಮ್ಮ ಉದ್ಯಮದ ಮೊದಲನೆಯ ಆರ್ಡರ್ ಬಂತು. ಯಾರಿಂದ ಎಂದು ಕೇಳಿದರೆ ನೀವು ನಂಬಲಾರಿರಿ. ಸಾವಕಾರರ ಬೀಗತಿಯಿಂದ! ಅವರ ಸೊಸೆಯ ತವರು ಮನೋಳಿ. ಸೊಸೆ ಬಸುರಿ, ಮನೋಳಿಯಿಂದ ತಾಯಿ ಶಿವಗಂಗವ್ವ ಬಸ್ಸಿಗೆ ಬಂದು ಶುಕ್ರವಾರ ಸಂಪಗಾಂವ ಸೇರುತ್ತಾರೆ, ಬುತ್ತಿ ಬೈಲಹೊಂಗಲದಿಂದ ನೇರವಾಗಿ ಅಲ್ಲಿಗೇ ಮುಟ್ಟಬೇಕು. ಸೋಮವಾರ ನಾನು ಯಾರ ಅಂಗಡಿಯ ಗಾದಿಯ ಪಕ್ಕದಲ್ಲಿ ಕೂರಲಿದ್ದೆನೋ ಅವರ ಮನೆಗೇ ನಮ್ಮ ಮೊದಲ ಬುತ್ತಿ! ಇದನ್ನು ದೈವಸಂಕಲ್ಪ ಎನ್ನದೆ ಬೇರೇನೆನ್ನಲಿ? ಬುತ್ತಿ ಮೆಚ್ಚಿಗೆಯಾದರೆ ಕೆಲಸ ಗಟ್ಟಿ, ಕೆಲಸ ಗಟ್ಟಿಯಾದರೆ ಬುತ್ತಿಗೆ ಹೆಸರು. ಪ್ರಚಾರ ವಿಭಾಗದ ಮುಖ್ಯಸ್ಥನಾಗಿ ನಾನು ಕೂಡಲೇ ದಾದಾಪೀರನನ್ನು ಕಂಡೆ.

ದಾದಾಪೀರ ನಮ್ಮ ಓಣಿಯ ಆಟೋದವನು. ಆಟೋದ ತಲೆಯ ಮೇಲೆ ಒಂದು ಸ್ಪೀಕರ್ ಇದೆ. ಸಂತೆಯಿಲ್ಲದ ದಿನ ಹಳ್ಳಿ ಹಳ್ಳಿ ತಿರುಗಿ ಉಳ್ಳಾಗಡ್ಡಿ ಮಾರುತ್ತಾನೆ. ಅವನ ಬದಲು ಸ್ಪೀಕರ್ರೇ ಕೂಗುತ್ತದೆ. ನಾನು ಅವನ ಮೊಬೈಲಿನಲ್ಲಿ ಒಂದು ಪ್ರಕಟಣೆ ರೆಕಾರ್ಡ್ ಮಾಡಿದೆ. ಧ್ವನಿ ನಡುಗದಂತೆ ಬಿಸಿನೀರು ಕುಡಿದು ಹೇಳಿದ ಪ್ರಕಟಣೆಯದು: "ಸಂಪಗಾಂವದ ಸಮಸ್ತ ಗುರುಹಿರಿಯರಲ್ಲಿ, ತಾಯಂದಿರಲ್ಲಿ ಸವಿನಯ ವಿಜ್ಞಾಪನೆ. ತಮ್ಮ ಊರಿನ ಗಣ್ಯರಾದ ಶ್ರೀ ರುದ್ರಪ್ಪ ಸಾವಕಾರರ ಸೊಸೆಯ ಕುಬಸದ ಶುಭ ಸಂದರ್ಭದಲ್ಲಿ, ಬೈಲಹೊಂಗಲದಿಂದ ಆಗಮಿಸುತ್ತಿದೆ, ಸುಮಂಗಲಾ ಬುತ್ತಿ!" ದಾದಾಪೀರ ಕೇಳಿ, "ಭಾರೀ ಆತ್ರಿ ಅಣ್ಣಾರ, ಎಂಎಲ್‌ಎ ಬಂದಂಗ ಐತಿ" ಎಂದ.

ಶುಕ್ರವಾರ ಬೆಳಿಗ್ಗೆ ಸುಮಂಗಲಾ ಬುಟ್ಟಿಗಳ ಮೇಲೆ ಬಿಳಿ ಅರಿವೆ ಹೊದಿಸಿ ಬಿಗಿಯಾಗಿ ಕಟ್ಟಿದಳು. ಧೂಳಿಗೆ ಎಂದುಕೊಂಡೆ. ಹೊರಡುವಾಗ, "ಸುಮ್ಮ ಹೋಗಿ ಸುಮ್ಮ ಬರ್ರಿ" ಎಂದಳು. ಈ ಮಾತನ್ನು ನಾನು ವಿಶೇಷವಾಗಿ ತೆಗೆದುಕೊಳ್ಳಲಿಲ್ಲ. ಮದುವೆಯಾದಾಗಿನಿಂದ ನಾನು ಹೊಸ್ತಿಲು ದಾಟುವಾಗೆಲ್ಲ ಅವಳು ಅದನ್ನೇ ಹೇಳುತ್ತ ಬಂದಿದ್ದಾಳೆ.

ಸಂಪಗಾಂವದ ಅಗಸಿ ಬಾಗಿಲು ದಾಟುತ್ತಿದ್ದಂತೆ ದಾದಾಪೀರ ಸ್ಪೀಕರ್ ಹಚ್ಚಿದ. ನನ್ನ ಧ್ವನಿ ಊರ ಮೇಲೆ ಹಾರಿತು. ನನಗೇ ಮೈ ಜುಮ್ಮೆಂದಿತು. ಕಟ್ಟೆಯ ಮೇಲಿನ ಹಿರಿಯರು ಎದ್ದು ನಿಂತರು. ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದರು. ಒಬ್ಬಜ್ಜಿ ಆಟೋಕ್ಕೆ ಅಡ್ಡ ನಿಂತು, "ಯಾರ ಮನ್ಯಾಗೋ ತಮ್ಮಾ ಕುಬಸ?" ಎಂದಳು. "ಕೇಳ್ ಬೇ ಆಯೀ, ಮತ್ತೊಮ್ಮೆ ಹೇಳತೈತಿ" ಎಂದ ದಾದಾಪೀರ. ಮತ್ತೊಮ್ಮೆ ಹೇಳಿತು. ಅಜ್ಜಿ ಹಿಂದೆಯೇ ಹೊರಟಳು. ಅವಳ ಹಿಂದೆ ಅವಳ ಓಣಿ ಹೊರಟಿತು.

ಸಾವಕಾರರ ಮನೆಯ ಬಾಗಿಲು ಮಾತ್ರ ಹಾಕಿತ್ತು. ಒಳಗೆ ಸಿಂಗಾರ ನಡೆದಿರಬೇಕು, ಕೇಳಿಸಿಲ್ಲ ಎಂದುಕೊಂಡು ದನಿ ಏರಿಸಲು ಹೇಳಿದೆ. ಆಗ ಕದ ಒಂದು ಗೇಣು ತೆರೆಯಿತು. ಸಾವಕಾರರ ಹೆಂಡತಿ ನೀಲವ್ವನವರ ಮುಖ ಕಂಡಿತು. ಅದರಲ್ಲಿ ಶುಭ ಸಂದರ್ಭದ ಕಳೆಯೇನೂ ಇರಲಿಲ್ಲ.

"ಬಂದ್ ಮಾಡ್ರೋ ಅದನ್ನ ಮದ್ಲ!"

"ಬಟನ್ ಕೆಟ್ಟೈತ್ರಿ ಅಕ್ಕಾರ," ಎಂದ ದಾದಾಪೀರ. "ಪೂರ್ತಿ ಹೇಳೂತನಾ ಬಿಡೂದಿಲ್ಲರಿ ಅದು."

ಅದು ಪೂರ್ತಿ ಹೇಳಿತು. ನನ್ನ ಪ್ರಕಟಣೆ ಮುಗಿಸಿ, ಅದರ ಬೆನ್ನಿಗೇ "ಒಣಗಿದ ಉಳ್ಳಾಗಡ್ಡಿ, ದಪ್ಪ ಉಳ್ಳಾಗಡ್ಡಿ" ಎಂದೂ ಹೇಳಿತು.

ಕದದ ಒಳಗಿನಿಂದ ಶಿವಗಂಗವ್ವ ಹಣೆ ಚಚ್ಚಿಕೊಳ್ಳುತ್ತ ಬಂದರು. "ಅಯ್ಯ ಯಪ್ಪಾ, ಇದು ಕಳ್ಳ ಕುಬಸ ಐತ್ರಿ! ನಮ್ಮ ಮನ್ಯಾಗ ಎಳ್ಳ ಹುರದ್ರ ಮನೋಳಿ ಓಣಿಗೆಲ್ಲಾ ವಾಸನಿ ಹೋಗತೈತಿ, ಯಾರಿಗೂ ತಿಳೀಬಾರದು ಅಂತ ನಿಮ್ಮ ಮನ್ಯಾಗ ಮಾಡಾಕ ಹೇಳಿದ್ದೆ. ನೀವು ಊರಿಗೇ ಡಂಗರಾ ಸಾರಿದ್ರ್ಯಲ್ರಿ!"

ಓದುಗರಲ್ಲಿ ಗಂಡಸರಿದ್ದರೆ ಅವರಿಗಾಗಿ ಒಂದು ಮಾತು. ಬಹಿರಂಗವಾಗಿ ಊರು ಕರೆದು ಮಾಡುವ ಕುಬಸ ತಿಂಗಳು ತುಂಬುತ್ತ ಬಂದ ಮೇಲೆ. ಅದಕ್ಕಿಂತ ಎಷ್ಟೋ ಮೊದಲು, ಎಳೆ ಬಸುರಿಗೆ ಕಣ್ಣು ತಾಗಬಾರದೆಂದು, ಕದ ಮುಂದೆ ಮಾಡಿಕೊಂಡು ತವರಿನವರಷ್ಟೇ ಹಸಿರು ಕುಪ್ಪಸ, ಹಸಿರು ಬಳೆ ಕೊಟ್ಟು ಉಣ್ಣಿಸಿ ಹೋಗುವುದು ಕಳ್ಳ ಕುಬಸ. ಹೆಣ್ಣುಮಕ್ಕಳಿಗೆ ಹುಟ್ಟುವಾಗಲೇ ಇದು ಗೊತ್ತಿರುತ್ತದೆ. ಗಂಡಸರಿಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಅದು ಕಳ್ಳ ಕುಬಸವಾಗಿ ಉಳಿಯುವುದಿಲ್ಲ ಎಂಬ ಅನುಭವದಿಂದ.

ಆಗಲೇ ಅಂಗಳ ತುಂಬಿತ್ತು. "ಏನ ನೀಲವ್ವ, ಬಾಜೂ ಮನಿಯಾಕಿ ನಾ, ನನಗೂ ಒಂದ ಮಾತ ಹೇಳಲಿಲ್ಲಲ್ಲ?" ಎಂದು ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟಳು. ನೀಲವ್ವನವರು ನನ್ನ ಕಡೆ ಒಮ್ಮೆ ನೋಡಿದರು. ಆ ನೋಟಕ್ಕೆ ಎಳ್ಳು ತಾನೇ ಹುರಿದುಕೊಳ್ಳುತ್ತಿತ್ತು. ಮರುಕ್ಷಣವೇ ಕದವನ್ನು ಹಾರು ಹೊಡೆದು, ನಗುತ್ತ, "ಹೇಳಾಕಂತನ ಗಾಡಿ ಹಚ್ಚೇವಲ್ಲ ಯವ್ವಾ! ಬರ್ರಿ, ಬರ್ರಿ ಒಳಗ" ಎಂದರು. ದೊಡ್ಡ ಮನೆತನ ಎನ್ನುವುದು ಇದಕ್ಕೇ.

ಮುಂದಿನದನ್ನು ನೆನೆದರೆ ಈಗಲೂ ನನಗೆ ಖುಷಿ ತಡೆಯಲಾಗುವುದಿಲ್ಲ. ಆಗ ತೋರಿಸುವ ಧೈರ್ಯವಾಗಲಿಲ್ಲ ಅಷ್ಟೇ. ನಾಲ್ಕು ಜನರ ಬುತ್ತಿಗೆ ಓಣಿಯೇ ಕುಳಿತಿತು. ರೊಟ್ಟಿ ಮುರಿದು ಮುರಿದು ಹಂಚಿದರು. ಆಟೋಕ್ಕೆ ಅಡ್ಡ ನಿಂತಿದ್ದ ಅಜ್ಜಿ ಸೋಬಾನೆ ಹಾಡತೊಡಗಿದಳು; ಕಣ್ಣು ತಾಗೀತೆಂದು ತಾನೇ ಮೂರು ದಾರಿಯ ಮಣ್ಣು ತರಿಸಿ ನಿವಾಳಿಸಿದಳು. ಬಸುರಿ ಹುಡುಗಿಯಂತೂ ಬಾಯಿಗೆ ಸೆರಗು ಹಿಡಿದು ನಗುತ್ತಲೇ ಇದ್ದಳು. "ಹೋಳಿಗಿ ಯಾರು ಮಾಡ್ಯಾರವಾ? ಬಾಯಾಗ ಇಟ್ರ ಕರಗತೈತಿ" ಎಂದು ಒಬ್ಬಾಕೆ ಕೇಳಿದರೆ, ಹೊರಗಿನಿಂದ ದಾದಾಪೀರ ಸುಮಂಗಲಾಳ ಫೋನ್ ನಂಬರನ್ನು ಬಾಯಿಪಾಠ ಹೇಳುತ್ತಿದ್ದ.

ಆ ಹೊತ್ತಿಗೆ ಸಾವಕಾರರು ಬೈಲಹೊಂಗಲದಿಂದ ಮೋಟರ್‌ಸೈಕಲ್ ಮೇಲೆ ಬಂದಿಳಿದರು. ಕಿವಿಗೆ ಫೋನಿತ್ತು. ರಾಮದುರ್ಗಕ್ಕೆ ಕೊಟ್ಟ ಹಿರಿಯ ಮಗಳು ಮಾತಾಡುತ್ತಿದ್ದಳು. ಅವಳ ದನಿ ಅಂಗಳದಲ್ಲಿದ್ದ ನಮಗೂ ಸ್ಪಷ್ಟವಾಗಿ ಕೇಳುತ್ತಿತ್ತು. "ಸ್ವಂತ ಮಗಳಿಗೆ ಗೊತ್ತಿಲ್ಲಪ್ಪಾ, ಉಳ್ಳಾಗಡ್ಡಿ ಮಾರಾವಂಗ ಗೊತ್ತೈತಿ!" ಸಾವಕಾರರು ಫೋನ್ ಕಿಸೆಗೆ ಹಾಕಿಕೊಂಡರು. ಅದು ಕಿಸೆಯಲ್ಲೂ ಸ್ವಲ್ಪ ಹೊತ್ತು ಮಾತಾಡಿತು.

"ತಪ್ಪಾತ್ರಿ ಸಾವಕಾರ್ರ," ಎಂದೆ. "ಸೋಮವಾರ ಎಷ್ಟಕ್ಕ ಬರ್ಲಿರಿ?"

ಅವರು ಸಿಟ್ಟಾಗಲಿಲ್ಲ. ಬಹಳ ಶಾಂತವಾಗಿ ನನ್ನ ಹೆಗಲ ಮೇಲೆ ಕೈಯಿಟ್ಟು, "ನೋಡ್ರಿ, ನನ್ನ ಅಂಗಡ್ಯಾಗ ಯಾರ ಬಾಕಿ ಎಷ್ಟು, ಯಾರ ಹೊಲಕ್ಕ ಎಷ್ಟು ಗೊಬ್ಬರ ಅನ್ನೂದು ಗೋಡಿಗೂ ಗೊತ್ತಾಗಬಾರದು. ನಿಮ್ಮಂಥಾವ್ರನ್ನ ಇಲೆಕ್ಷನ್ನಿಗೆ ನಿಲ್ಲಾವ್ರು ಇಟಗೋಬೇಕ್ರಿ. ನಾ ನಿಲ್ಲೂದಿಲ್ಲ" ಎಂದರು. ಆಮೇಲೆ ಒಳಗೆ ಹೋಗಿ ಒಂದು ಹೋಳಿಗೆ ತಿಂದರು. ಹೊರಬಂದು ಇನ್ನೊಂದಿದೆಯೇ ಎಂದು ಕೇಳಿದರು. ಇರಲಿಲ್ಲ.

ಮನೆಗೆ ಬಂದು ನಡೆದದ್ದನ್ನು ಆದಷ್ಟು ನನ್ನ ಪರವಾಗಿ ಹೇಳಿದೆ. ಸುಮಂಗಲಾ ಒಲೆಯ ಮುಂದೆ ಕುಳಿತಿದ್ದಳು.

"ಸುಮ್ಮ ಹೋಗಿ ಸುಮ್ಮ ಬರ್ರಿ ಅಂದಿದ್ನಿಲ್ಲರಿ?"

"ನೀ ದಿನಾ ಹಂಗ ಅಂತೀಯಲ್ಲ?"

"ದಿನಾ ಯಾಕ ಅಂತೇನಿ ಅಂತ ತಿಳಕೊಂಡಿರಿ?"

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಬೈಯಲು ಯಾರೋ ಮಾಡಿದ್ದಾರೆಂದು ನಾನು ಮೆಲ್ಲಗೆ ಹಿತ್ತಿಲ ಕಡೆ ಸರಿದೆ. ಅಲ್ಲ, ಸಂಪಗಾಂವದ ಬಾಜೂ ಮನಿಯಾಕೆ. ಮಗಳಿಗೆ ಬುತ್ತಿ ಬೇಕಂತೆ. ಫೋನ್ ಇಟ್ಟಳೋ ಇಲ್ಲವೋ, ಹೂಲಿಯಿಂದ ಇನ್ನೊಬ್ಬರು. ಸಂಜೆಗೆ ನೀಲವ್ವನವರೇ ಮಾಡಿದರು. ಬಹಿರಂಗದ ಕುಬಸಕ್ಕೆ ಇಡೀ ಊರಿಗೆ ಬುತ್ತಿ ಬೇಕು, ರಾಮದುರ್ಗದ ಮಗಳೇ ಮುಂದೆ ನಿಂತು ಮಾಡಿಸುತ್ತಾಳೆ, "ಸ್ಪೀಕರ್ ಮಾತ್ರ ಬ್ಯಾಡ್ರಿ, ನಿಮ್ಮ ಯಜಮಾನ್ರೂ ಬ್ಯಾಡ್ರಿ" ಎಂದರಂತೆ. ಸುಮಂಗಲಾಳ ಕಣ್ಣುಗಳು ಹೊಳೆಯುತ್ತಿದ್ದವು. ಇಷ್ಟಕ್ಕೆಲ್ಲ ತನ್ನೆರಡು ಕೈ ಸಾಲುವುದಿಲ್ಲ, ಆಳು ಬೇಕು ಎಂದಳು. ನಾನು ಗಂಟಲು ಸರಿಮಾಡಿಕೊಂಡು, ನನ್ನ ದೀರ್ಘ ಅನುಭವವನ್ನು ಕುರಿತು ನಾಲ್ಕು ಮಾತು ಹೇಳಲು ಬಾಯಿ ತೆರೆದೆ. ಅವಳು ಶೇಂಗಾದ ಬುಟ್ಟಿಯನ್ನು ನನ್ನ ಮುಂದೆ ತಳ್ಳಿ, "ಸಿಪ್ಪಿ ತಗೀರಿ, ನೋಡೂಣು" ಎಂದಳು.

ಗೊಬ್ಬರದ ಅಂಗಡಿಯ ಲೆಕ್ಕವನ್ನು ಈಗ ಬೇರೊಬ್ಬರು ಬರೆಯುತ್ತಾರೆ. ನಾನು ಸುಮಂಗಲಾಳ ಹತ್ತಿರ ಕೆಲಸಕ್ಕಿದ್ದೇನೆ.